ಹಳೆಯ ಕಾರಿನ ಬ್ರೇಕ್ ಲೈಟು: ದೋಷ ಹುಡುಕುವುದು ಹೇಗೆ, ರಿಪೇರಿ ಮಾಡಿಸಬೇಕೋ ಬೇಡವೋ

ಚಿಕ್ಕಬಳ್ಳಾಪುರದ ಯಾವುದಾದರೂ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ: "ಕಾರಿಗೇ ನಲವತ್ತು ಸಾವಿರ ಹುಟ್ಟಲ್ಲ, ಅದರ ಹಿಂದಿನ ಲೈಟಿಗೆ ಯಾಕಣ್ಣ ಖರ್ಚು?" ಕೇಳುವವರ ಕಷ್ಟ ಅರ್ಥವಾಗುತ್ತದೆ. ಹದಿನೈದು ವರ್ಷ ದಾಟಿದ ಕಾರಿಗೆ ಒಂದಲ್ಲ ಒಂದು ಕೆಲಸ ಇದ್ದೇ ಇರುತ್ತದೆ. ಎಲ್ಲವನ್ನೂ ಮಾಡಿಸುತ್ತಾ ಹೋದರೆ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ಎಂಜಿನ್ ಆಯಿಲ್ ಮೊದಲು, ಟೈರು ಆಮೇಲೆ, ಹರಿದ ಸೀಟು ಇರಲಿ ಬಿಡು, ಬ್ರೇಕ್ ಲೈಟು ಮುಂದಿನ ತಿಂಗಳು ನೋಡೋಣ ಎಂದು ಸಾಲು ಹಚ್ಚುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರೇಕ್ ಲೈಟನ್ನು ಆ ಸಾಲಿನಲ್ಲಿ ನಿಲ್ಲಿಸಲೇಬಾರದು. ಅದು ನಿಮ್ಮ ಹಿಂದೆ ಬರುವವರಿಗಾಗಿ ಇರುವ ದೀಪ. ನಿಮ್ಮ ಕಾರಿಗೆ ಈಗ ಎಷ್ಟು ಬೆಲೆ ಅನ್ನುವುದು ಅವರಿಗೆ ಬೇಕಿಲ್ಲ. ಮೇಲಾಗಿ, ಹೆಚ್ಚಿನ ಸಲ ಈ ರಿಪೇರಿಗೆ ಒಂದು ಲೀಟರ್ ಪೆಟ್ರೋಲಿನಷ್ಟೂ ಖರ್ಚಾಗುವುದಿಲ್ಲ. ದುಡ್ಡು ಹೋಗುವುದು ದೋಷ ಎಲ್ಲಿದೆ ಎಂದು ನೋಡದೆ ಸುಮ್ನೆ ಒಂದೊಂದೇ ಸಾಮಾನು ಬದಲಿಸುತ್ತಾ ಹೋದಾಗ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಊರಿಗೆ ಅಂಟಿಕೊಂಡೇ ರಾಷ್ಟ್ರೀಯ ಹೆದ್ದಾರಿ 44 ಹೋಗುತ್ತದೆ. ಬಾಗೇಪಲ್ಲಿ ಕಡೆಯಿಂದ ಬರುವ ದೊಡ್ಡ ಲಾರಿಗಳು, ಹೂವಿನ ಗಾಡಿಗಳು, ದ್ರಾಕ್ಷಿ, ಟೊಮೆಟೊ ಹೊತ್ತ ಟೆಂಪೋಗಳು, ಬೆಂಗಳೂರಿಗೆ ಕೆಲಸಕ್ಕೆ ಓಡುವವರ ಕಾರುಗಳು ಎಲ್ಲವೂ ಅದರಲ್ಲೇ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಬಂದಿರುತ್ತದೆ. ನೀವು ಬ್ರೇಕ್ ಒತ್ತಿದ್ದು ಅವರಿಗೆ ಒಂದು ಸೆಕೆಂಡ್ ತಡವಾಗಿ ಗೊತ್ತಾದರೂ ಅಷ್ಟು ರಸ್ತೆ ಕೈತಪ್ಪಿ ಹೋಯಿತು. ಚಳಿಗಾಲದ ಮುಂಜಾನೆ ನಂದಿ ಬೆಟ್ಟದ ಸುತ್ತ ಮಂಜು ಇಳಿದಾಗ ಇದು ಇನ್ನೂ ಕಷ್ಟ. 2023ರ ಅಕ್ಟೋಬರ್ 26ರ ಮುಂಜಾನೆ ಇದೇ ಹೆದ್ದಾರಿಯಲ್ಲಿ, ಚಿಕ್ಕಬಳ್ಳಾಪುರದ ಹತ್ತಿರವೇ, ನಿಂತಿದ್ದ ಟ್ಯಾಂಕರಿಗೆ ಪ್ರಯಾಣಿಕರಿದ್ದ ಗಾಡಿಯೊಂದು ಹಿಂದಿನಿಂದ ಗುದ್ದಿ 13 ಜನ ತೀರಿಕೊಂಡರು. ಆಗ ಮಂಜು ಕವಿದಿತ್ತು. ಮುಂದಿರುವ ಗಾಡಿ ಓಡುತ್ತಿದೆಯೋ ನಿಂತಿದೆಯೋ ಎಂದು ತಿಳಿಯುವುದು ಎಷ್ಟು ದೊಡ್ಡ ವಿಷಯ ಎಂದು ಈ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಮೊದಲು ಸರಿಯಾಗಿ ನೋಡಿ

ಒಬ್ಬರು ಪೆಡಲ್ ಒತ್ತಿ ಇನ್ನೊಬ್ಬರು ಹಿಂದೆ ನಿಂತು ನೋಡುವುದು ಎಲ್ಲಕ್ಕಿಂತ ಸುಲಭ. ಒಬ್ಬರೇ ಇದ್ದರೆ, ಕತ್ತಲಾಗುವ ಹೊತ್ತಿಗೆ ಕಾರನ್ನು ಗೋಡೆಯ ಕಡೆಗೋ ಮುಚ್ಚಿದ ಅಂಗಡಿಯ ಷಟರ್ ಕಡೆಗೋ ರಿವರ್ಸ್ ತೆಗೆದುಕೊಂಡು ಎರಡಡಿ ದೂರದಲ್ಲಿ ನಿಲ್ಲಿಸಿ. ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡಿದರೆ ಎರಡು ಕಡೆಯೂ ಕೆಂಪು ಬೆಳಕು ಬೀಳಬೇಕು. ಹಗಲಲ್ಲಿ ನೋಡಬೇಕಾದರೆ ಅಳತೆಗೆ ಕತ್ತರಿಸಿದ ಕೋಲೊಂದನ್ನು ಪೆಡಲಿಗೂ ಸೀಟಿಗೂ ನಡುವೆ ಒತ್ತಿ ನಿಲ್ಲಿಸಿ, ಇಳಿದು ಹೋಗಿ ನೋಡಿ. ಹ್ಯಾಂಡ್‌ಬ್ರೇಕ್ ಹಾಕಿರಲಿ, ಎಂಜಿನ್ ಆಫ್ ಇರಲಿ. ಹೆಚ್ಚಿನ ಹಳೆಯ ಕಾರುಗಳಲ್ಲಿ ಕೀ ಹಾಕದಿದ್ದರೂ ಬ್ರೇಕ್ ಲೈಟು ಉರಿಯುತ್ತದೆ. ಕೆಲವಕ್ಕೆ ಮಾತ್ರ ಕೀ ಆನ್ ಮಾಡಬೇಕು.

ಒಂದು ಸಲ ನೋಡಿ ಬಿಡಬೇಡಿ. ಬೇರೆಲ್ಲ ಲೈಟು ಆರಿಸಿ ಒಮ್ಮೆ ನೋಡಿ. ಆಮೇಲೆ ಪಾರ್ಕಿಂಗ್ ಲೈಟ್ ಹಾಕಿ ನೋಡಿ. ಕೊನೆಗೆ ಇಂಡಿಕೇಟರ್ ಕೂಡ ಹಾಕಿ ನೋಡಿ. ಕೆಲವು ದೋಷ ಬೇರೆ ದೀಪ ಉರಿಯುತ್ತಿರುವಾಗ ಮಾತ್ರ ಹೊರಬೀಳುತ್ತದೆ. ಮೆಕ್ಯಾನಿಕ್ ಹತ್ತಿರ ಹೋದಾಗ "ಲೈಟು ಹೋಗಿದೆ" ಎಂದಷ್ಟೇ ಹೇಳಿದರೆ ಅವರು ಬಲ್ಬು ಬದಲಿಸಿ ಕಳಿಸುತ್ತಾರೆ. "ಪಾರ್ಕಿಂಗ್ ಹಾಕಿ ಬ್ರೇಕ್ ಒತ್ತಿದರೆ ಎಡಗಡೆ ಮಂಕಾಗುತ್ತೆ" ಎಂದು ಹೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಒಂದೇ ಕಡೆ ಉರಿಯದಿದ್ದರೆ ದೋಷ ಆ ಕಡೆಯ ಬಲ್ಬು, ಹೋಲ್ಡರ್ ಅಥವಾ ಅರ್ಥ್ ವೈರಿನಲ್ಲಿ. ಯಾವುದೂ ಉರಿಯದಿದ್ದರೆ ಫ್ಯೂಸು ಅಥವಾ ಪೆಡಲ್ ಮೇಲಿನ ಸ್ವಿಚ್ಚನ್ನು ಮೊದಲು ನೋಡಬೇಕು. ಹಿಂದಿನ ಗಾಜಿನ ಹತ್ತಿರದ ಮೂರನೇ ದೀಪ ಉರಿದು ಕೆಳಗಿನ ಎರಡೂ ಉರಿಯದಿದ್ದರೆ, ಫ್ಯೂಸು, ಸ್ವಿಚ್ಚು ಎರಡೂ ಸರಿ ಇವೆ ಎಂದೇ ಅರ್ಥ. ಆಗ ಬಹುತೇಕ ಎರಡೂ ಬಲ್ಬು ಹೋಗಿರುತ್ತವೆ. ಒಂದು ಯಾವಾಗಲೋ ಹೋಗಿರುತ್ತದೆ, ಯಾರೂ ನೋಡಿರುವುದಿಲ್ಲ. ಎರಡನೆಯದು ಹೋದ ಮೇಲೆ ಯಾರಾದರೂ ಹಿಂದಿನಿಂದ ಬಂದು ಹೇಳುತ್ತಾರೆ.

ಬಲ್ಬು

ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ, 21/5 ವ್ಯಾಟಿನ ಬಲ್ಬು. ಒಂದೇ ಗಾಜಿನೊಳಗೆ ಎರಡು ತಂತಿ. 5 ವ್ಯಾಟಿನದು ರಾತ್ರಿ ಉರಿಯುವ ಟೇಲ್ ಲೈಟಿಗೆ, 21 ವ್ಯಾಟಿನದು ಬ್ರೇಕಿಗೆ. ಟೇಲ್ ಲೈಟು ಚೆನ್ನಾಗಿ ಉರಿಯುತ್ತಿದೆ ಎಂದು ಬಲ್ಬು ಸರಿ ಇದೆ ಅಂದುಕೊಳ್ಳಬೇಡಿ. ಒಂದು ತಂತಿ ಹೋಗಿ ಇನ್ನೊಂದು ಉಳಿದಿರಬಹುದು. ಬಲ್ಬನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ. ಗಾಜು ಒಳಗಡೆ ಕಪ್ಪಾಗಿದ್ದರೆ ಅದರ ಕಾಲ ಮುಗಿದಿದೆ. ನೋಡಿದರೆ ಗೊತ್ತಾಗದಿದ್ದಾಗ ಇನ್ನೊಂದು ಕಡೆಯ ಬಲ್ಬು ತಂದು ಇಲ್ಲಿ ಹಾಕಿ. ಅದು ಉರಿದರೆ ಹಳೆಯದು ಹೋಗಿದೆ. ಅದೂ ಉರಿಯದಿದ್ದರೆ ಬಲ್ಬಿನದು ತಪ್ಪಿಲ್ಲ, ಮುಂದಕ್ಕೆ ಹೋಗಿ.

ಈ ಬಲ್ಬಿನ ಬುಡದಲ್ಲಿರುವ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ, ಒಂದು ಮೇಲೆ ಒಂದು ಕೆಳಗೆ. ತಿರುಗಿಸಿ ಹಾಕಬಾರದು ಎಂದೇ ಹಾಗೆ ಮಾಡಿದ್ದಾರೆ. ಅಂಗಡಿಯಲ್ಲಿ ಒಂದೇ ತಂತಿಯ ಇಂಡಿಕೇಟರ್ ಬಲ್ಬು ಕೊಟ್ಟು, ಅದನ್ನು ಒತ್ತಿ ಕೂರಿಸಿದ ಕಾರುಗಳನ್ನು ನೋಡಿದ್ದೇನೆ. ಅದು ಹೋಲ್ಡರಿನ ಎರಡು ಕಾಂಟ್ಯಾಕ್ಟನ್ನೂ ಸೇರಿಸಿಬಿಡುತ್ತದೆ. ಆಮೇಲೆ ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪ, ಮುಂದಿನ ಪಾರ್ಕಿಂಗ್ ಲೈಟು ಎಲ್ಲ ಹತ್ತಿಕೊಳ್ಳುತ್ತವೆ. ಇಂಥ ವಿಚಿತ್ರ ಕಂಡರೆ ವೈರಿಂಗ್ ಬಿಚ್ಚಿಸುವ ಮುಂಚೆ ಹಾಕಿರುವ ಬಲ್ಬು ಯಾವುದು ಎಂದು ನೋಡಿ.

ಎಲ್‌ಇಡಿ ಹಾಕಲೇ ಎಂದು ಕೇಳುವವರು ಜಾಸ್ತಿ. ಎಲ್‌ಇಡಿ ತಟ್ಟನೆ ಹತ್ತುತ್ತದೆ ನಿಜ, ತಂತಿಯ ಬಲ್ಬು ಕಾದು ಬೆಳಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕು. ಆದರೆ ಅಗ್ಗದ ಎಲ್‌ಇಡಿಗಳಲ್ಲಿ ಟೇಲ್ ಬೆಳಕಿಗೂ ಬ್ರೇಕ್ ಬೆಳಕಿಗೂ ಅಂತರ ಸಾಲದು. ಹಿಂದಿನವರಿಗೆ ನೀವು ಬ್ರೇಕ್ ಹಾಕಿದ್ದು ತಿಳಿಯುವುದೇ ಆ ಅಂತರದಿಂದ. ತಂತಿಯ ಬಲ್ಬಿಗೆ ಹೊಂದುವಂತೆ ಮಾಡಿದ ಹಳೆಯ ಲ್ಯಾಂಪಿನಲ್ಲಿ ನಾನಂತೂ ತಂತಿಯ ಬಲ್ಬನ್ನೇ ಹಾಕುತ್ತೇನೆ.

ಅರ್ಥ್ ದೋಷ

ಹಳೆಯ ಕಾರುಗಳಲ್ಲಿ ಜನರನ್ನು ಅತಿ ಹೆಚ್ಚು ಸುತ್ತಾಡಿಸುವುದು ಇದೇ. ಬ್ಯಾಟರಿಯ ಮೈನಸ್ ಕಾರಿನ ಬಾಡಿಗೆ ಸೇರಿರುತ್ತದೆ. ಪ್ರತಿ ಬಲ್ಬಿನ ಕರೆಂಟು ಬಾಡಿಯ ಮೂಲಕವೇ ಬ್ಯಾಟರಿಗೆ ವಾಪಸ್ ಹೋಗಬೇಕು. ಲ್ಯಾಂಪಿನಿಂದ ಬರುವ ಅರ್ಥ್ ವೈರನ್ನು, ಹೆಚ್ಚಾಗಿ ಅದು ಕಪ್ಪು ಬಣ್ಣದ್ದು, ಒಂದು ಸ್ಕ್ರೂ ಹಾಕಿ ಬಾಡಿಗೆ ಬಿಗಿದಿರುತ್ತಾರೆ. ಆ ಸ್ಕ್ರೂ ಕೆಳಗೆ ತುಕ್ಕು ಹಿಡಿದರೆ ಕರೆಂಟಿಗೆ ಹೋಗಲು ದಾರಿ ಇಲ್ಲ. ಕಾಲುವೆ ಕಟ್ಟಿಕೊಂಡಾಗ ನೀರು ಪಕ್ಕದ ಹೊಲಕ್ಕೆ ನುಗ್ಗುವ ಹಾಗೆ, ಅದು ಅದೇ ಲ್ಯಾಂಪಿನ ಬೇರೆ ಬಲ್ಬಿನ ತಂತಿಯೊಳಗೆ ನುಗ್ಗಿ ದಾರಿ ಹುಡುಕಿಕೊಳ್ಳುತ್ತದೆ. ಆಗ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂದವಾಗಿ ಬೆಳಗುತ್ತದೆ, ಟೇಲ್ ಲೈಟು ಇನ್ನೂ ಮಂಕಾಗುತ್ತದೆ.

ಗೌರಿಬಿದನೂರಿನಲ್ಲಿರುವ ನಮ್ಮ ಭಾವನ ಕಾರಿನಲ್ಲಿ ಇದೇ ಆಗಿತ್ತು. ಎಡಗಡೆಯ ಬ್ರೇಕ್ ಲೈಟು ಒಂದು ದಿನ ಉರಿಯುತ್ತಿತ್ತು, ಒಂದು ದಿನ ಇಲ್ಲ. ಬಲ್ಬು ಬದಲಿಸಿದ್ದರು, ಹೋಲ್ಡರೂ ಹೊಸದು ಬಂದಿತ್ತು. "ಹೋಗ್ಲಿ ಬಿಡಪ್ಪ, ಬಲಗಡೆದು ಉರಿಯುತ್ತಲ್ಲ, ಮುಂದಿನ ವರ್ಷ ಗುಜರಿಗೆ ಹಾಕೋ ಗಾಡಿ" ಎಂದರು. "ಭಾವ, ಪಾರ್ಕಿಂಗ್ ಲೈಟ್ ಹಾಕಿ ಒಂದ್ಸಲ ಬ್ರೇಕ್ ಒತ್ತಿ" ಎಂದೆ. ಒತ್ತಿದ ತಕ್ಷಣ ಎಡಗಡೆಯ ಕೆಂಪು ಬೆಳಕು ಕುಗ್ಗಿತು, ಪಕ್ಕದ ಹಳದಿ ಇಂಡಿಕೇಟರ್ ಸಣ್ಣಗೆ ಮಿನುಗಿತು.

ಡಿಕ್ಕಿಯ ಮ್ಯಾಟು ಎತ್ತಿ, ಎಡಗಡೆಯ ಮೂಲೆಯ ಪ್ಲಾಸ್ಟಿಕ್ ಕ್ಲಿಪ್ ತೆಗೆದಾಗ ಅರ್ಥ್ ಸ್ಕ್ರೂ ಸಿಕ್ಕಿತು. ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿಯಾಗಿಯೇ ಇತ್ತು. ಬಿಚ್ಚಿ ನೋಡಿದರೆ ಉಂಗುರದಂಥ ಟರ್ಮಿನಲ್ಲಿನ ಕೆಳಮೈ ಪೂರ್ತಿ ಕಂದು ಬಣ್ಣ, ಉಗುರಿನಿಂದ ಕೆರೆದರೆ ಪದರ ಪದರವಾಗಿ ಉದುರುತ್ತಿತ್ತು. ಅದರ ಕೆಳಗೆ ಬಾಡಿಯ ಮೇಲೂ ಅದೇ ಗಾತ್ರದ ತುಕ್ಕಿನ ಬಳೆ. ಲ್ಯಾಂಪಿನ ರಬ್ಬರು ಬಿರುಕು ಬಿಟ್ಟು ಮಳೆ ನೀರು ಆ ಮೂಲೆಗೆ ಇಳಿಯುತ್ತಿತ್ತು. ಎಮರಿ ಪೇಪರಿನಲ್ಲಿ ಟರ್ಮಿನಲ್ಲು, ಬಾಡಿ ಎರಡನ್ನೂ ಹೊಳೆಯುವ ತನಕ ಉಜ್ಜಿದೆವು. ಸ್ಕ್ರೂ ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿದೆವು, ನೀರು ತಾಗದಿರಲಿ ಎಂದು. ಬ್ರೇಕ್ ಒತ್ತಿದಾಗ ಎಡಗಡೆಯ ಬೆಳಕು ಬಲಗಡೆಯಷ್ಟೇ ಜೋರಾಗಿ ಬಂತು. ಖರ್ಚಾಗಿದ್ದು ಒಂದು ತುಂಡು ಎಮರಿ ಪೇಪರ್. ಬಿರುಕು ಬಿಟ್ಟ ರಬ್ಬರನ್ನೂ ಬದಲಿಸಲೇಬೇಕು, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಇದೇ ಕತೆ ಮತ್ತೆ ಶುರು.

ಅರ್ಥ್ ದೋಷವೇ ಹೌದೋ ಎಂದು ಖಚಿತ ಮಾಡಿಕೊಳ್ಳಲು ಸುಲಭದ ದಾರಿ ಇದೆ. ಒಂದು ತುಂಡು ವೈರು ತೆಗೆದುಕೊಂಡು ಒಂದು ತುದಿಯನ್ನು ಹೋಲ್ಡರಿನ ಅರ್ಥ್‌ಗೆ, ಇನ್ನೊಂದನ್ನು ಬಣ್ಣವಿಲ್ಲದ ಬರೀ ಲೋಹಕ್ಕೆ ತಾಗಿಸಿ. ಬೆಳಕು ತಟ್ಟನೆ ಜೋರಾದರೆ ಅರ್ಥ್ ದೋಷವೇ. ಮಲ್ಟಿಮೀಟರ್ ಇದ್ದರೆ ಬ್ರೇಕ್ ಒತ್ತಿಸಿಕೊಂಡು, ಹೋಲ್ಡರಿನ ಅರ್ಥ್‌ಗೂ ಬ್ಯಾಟರಿಯ ಮೈನಸ್‌ಗೂ ನಡುವೆ ವೋಲ್ಟೇಜ್ ನೋಡಿ. 0.2 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟು ದಾಟಿದರೆ ದಾರಿಯಲ್ಲಿ ಎಲ್ಲೋ ತುಕ್ಕಿದೆ. ಬಾಡಿಯೇ ಅಲ್ಲಿ ಕೊರೆದು ಹೋಗಿದ್ದರೆ ಉಜ್ಜಿ ಪ್ರಯೋಜನವಿಲ್ಲ. ಗಟ್ಟಿ ಲೋಹ ಇರುವ ಕಡೆಗೆ ಹೊಸ ಅರ್ಥ್ ವೈರು ಎಳೆಸಿ.

ಹೋಲ್ಡರ್ ವಿಷಯ ಚಿಕ್ಕದು. ಒಳಗಿನ ಕಾಂಟ್ಯಾಕ್ಟಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಇದ್ದರೆ ಉಜ್ಜಿ ತೆಗೆಯಿರಿ. ಸ್ಪ್ರಿಂಗ್ ಕುಗ್ಗಿದ್ದರೆ ಅಥವಾ ಪ್ಲಾಸ್ಟಿಕ್ ಕರಗಿದ್ದರೆ ಹೋಲ್ಡರನ್ನೇ ಬದಲಿಸಿ.

ಯಾವ ದೀಪವೂ ಉರಿಯದಿದ್ದರೆ

ಮೊದಲು ಹಾರ್ನ್ ಒತ್ತಿ ನೋಡಿ. ಹಲವು ಹಳೆಯ ಕಾರುಗಳಲ್ಲಿ ಹಾರ್ನಿಗೂ ಬ್ರೇಕ್ ಲೈಟಿಗೂ ಒಂದೇ ಫ್ಯೂಸು. ಎರಡೂ ಒಟ್ಟಿಗೆ ಸತ್ತಿದ್ದರೆ ಫ್ಯೂಸಿನ ಮೇಲೆಯೇ ಅನುಮಾನ. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಯಾವುದು ಯಾವುದಕ್ಕೆ, ಎಷ್ಟು ಆಂಪ್ಸ್ ಎಂದು ಬರೆದಿರುತ್ತದೆ. ಸಾಮಾನ್ಯವಾಗಿ 10 ಅಥವಾ 15. ಅಷ್ಟೇ ಆಂಪ್ಸಿನ ಹೊಸದನ್ನು ಹಾಕಿ. 30ರದ್ದು ಹಾಕುವುದು, ತಾಮ್ರದ ಎಳೆ ಸುತ್ತುವುದು, ಸಿಗರೇಟಿನ ಬೆಳ್ಳಿ ಕಾಗದ ತುರುಕುವುದು ಯಾವುದನ್ನೂ ಮಾಡಬೇಡಿ. ಫ್ಯೂಸು ಸುಡಬೇಕಾದ ಕಡೆ ವೈರು ಸುಡುತ್ತದೆ, ವೈರು ಇರುವುದು ಸೀಟಿನ ಕೆಳಗೆ, ಮ್ಯಾಟಿನ ಕೆಳಗೆ.

ಹೊಸ ಫ್ಯೂಸು ಹಾಕಿ ಬ್ರೇಕ್ ಒತ್ತಿದ ಕೂಡಲೇ ಮತ್ತೆ ಹೋದರೆ ಎಲ್ಲೋ ಶಾರ್ಟ್ ಆಗುತ್ತಿದೆ. ಹಿಂದಿನ ಬಾಗಿಲು ಮೇಲಕ್ಕೆ ಎತ್ತುವ ಕಾರಾದರೆ, ಬಾಗಿಲಿನ ಕೀಲಿನ ಹತ್ತಿರ ವೈರುಗಳು ಹೋಗುವ ರಬ್ಬರ್ ಕೊಳವೆಯನ್ನು ಸರಿಸಿ ನೋಡಿ. ಬಾಗಿಲು ತೆಗೆದು ಹಾಕಿ ಮಾಡುವಾಗ ಅಲ್ಲಿ ವೈರು ಮಡಿಚಿ ಮಡಿಚಿ ಮೇಲಿನ ಪ್ಲಾಸ್ಟಿಕ್ ಸೀಳುತ್ತದೆ, ಒಳಗಿನ ತಾಮ್ರ ಬಾಡಿಗೆ ತಾಗುತ್ತದೆ. ಹಿಂದೆ ಯಾರಾದರೂ ಸ್ಟೀರಿಯೊ, ಬಣ್ಣದ ಲೈಟು ಹಾಕಿಸಿದ್ದರೆ ಅವರು ವೈರು ಕತ್ತರಿಸಿ ಟೇಪು ಸುತ್ತಿದ ಜಾಗವನ್ನೂ ನೋಡಬೇಕು.

ಫ್ಯೂಸು ಸರಿ ಇದ್ದರೆ ಸ್ವಿಚ್ಚು. ಅದು ಬ್ರೇಕ್ ಪೆಡಲಿನ ಕೋಲಿನ ಮೇಲ್ಭಾಗದಲ್ಲಿರುತ್ತದೆ, ಟಾರ್ಚು ಹಿಡಿದು ತಲೆ ಬಗ್ಗಿಸಿ ನೋಡಬೇಕು. ಕಾಲು ತೆಗೆದಾಗ ಪೆಡಲು ಸ್ವಿಚ್ಚಿನ ಗುಂಡಿಯನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ, ಲೈಟು ಆಫ್. ಪೆಡಲ್ ತುಳಿದಾಗ ಗುಂಡಿ ಹೊರಬರುತ್ತದೆ, ಲೈಟು ಆನ್. ಸ್ವಿಚ್ಚಿನಲ್ಲಿ ಎರಡೇ ವೈರು ಇದ್ದರೆ ಕನೆಕ್ಟರ್ ತೆಗೆದು, ಅದರ ಎರಡು ಪಿನ್ನನ್ನೂ ಸಣ್ಣ ವೈರಿನಿಂದ ಸೇರಿಸಿ. ಹಿಂದೆ ದೀಪ ಹತ್ತಿದರೆ ಸ್ವಿಚ್ಚು ಹೋಗಿದೆ. ಹತ್ತದಿದ್ದರೆ ನಡುವಿನ ವೈರಿಂಗ್ ನೋಡಿಸಬೇಕು, ಅದಕ್ಕೆ ಆಟೊ ಎಲೆಕ್ಟ್ರಿಷಿಯನ್ನೇ ಸರಿ.

ಹೊಸ ಸ್ವಿಚ್ಚು ಕೂರಿಸುವಾಗ ಅಳತೆ ಮುಖ್ಯ. ಪೆಡಲು ಸ್ವಲ್ಪ ಅಲುಗಾಡಿದ ಕೂಡಲೇ ದೀಪ ಹತ್ತಬೇಕು. ಹಾಗೆಂದು ಸ್ವಿಚ್ಚನ್ನು ಪೆಡಲಿಗೆ ಒತ್ತಿ ಬಿಗಿದರೆ ಪೆಡಲು ಪೂರ್ತಿ ಮೇಲಕ್ಕೆ ಬರದೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಕೆಲಸ ಮುಗಿದ ಮೇಲೆ ಸ್ವಲ್ಪ ದೂರ ಓಡಿಸಿ, ಚಕ್ರದ ಹತ್ತಿರ ಕೈ ಹಿಡಿದು ಬಿಸಿ ಜಾಸ್ತಿ ಇದೆಯೇ ಎಂದು ನೋಡಿ.

ದೀಪ ಆರುವುದೇ ಇಲ್ಲವಾದರೆ

ಕಾರು ನಿಲ್ಲಿಸಿ ಹೋದರೂ ಹಿಂದೆ ಕೆಂಪಗೆ ಉರಿಯುತ್ತಲೇ ಇರುತ್ತದೆ, ಬೆಳಗ್ಗೆ ಬ್ಯಾಟರಿ ಡೌನ್. ಇಂಥ ಕಡೆ ಮೊದಲು ಪೆಡಲ್ ಕೆಳಗಿನ ಮ್ಯಾಟನ್ನು ನೋಡಿ. ಪುಡಿಪುಡಿಯಾದ ಪ್ಲಾಸ್ಟಿಕ್ ಚೂರು ಬಿದ್ದಿದ್ದರೆ ಉತ್ತರ ಸಿಕ್ಕಿತು. ಪೆಡಲಿನ ಕೋಲಿನಲ್ಲಿ ಒಂದು ತೂತಿರುತ್ತದೆ, ಅದಕ್ಕೆ ಚಿಕ್ಕ ಪ್ಲಾಸ್ಟಿಕ್ ಅಥವಾ ರಬ್ಬರ್ ಬಿರಡೆ ಹಾಕಿರುತ್ತಾರೆ. ಸ್ವಿಚ್ಚಿನ ಗುಂಡಿ ಕೂರುವುದು ಅದರ ಮೇಲೆ. ವರ್ಷಗಳ ಬಿಸಿಲಿಗೆ ಅದು ಒಣಗಿ ಒಡೆದರೆ ಗುಂಡಿ ತೂತಿನೊಳಗೆ ತೂರಿಕೊಳ್ಳುತ್ತದೆ, ದೀಪ ಆರುವುದಿಲ್ಲ. ಬಿರಡೆಗೆ ಚಿಲ್ಲರೆ ಕಾಸು. ಸಿಗುವ ತನಕ ಆ ತೂತಿಗೆ ಸರಿಯಾದ ಸಣ್ಣ ಬೋಲ್ಟು, ನಟ್ಟು ಬಿಗಿದರೂ ನಡೆಯುತ್ತದೆ. ಸದಾ ಉರಿಯುವ ಬ್ರೇಕ್ ಲೈಟು ಉರಿಯದಿರುವುದರಷ್ಟೇ ಅಪಾಯ. ಹಿಂದಿನವರಿಗೆ ನೀವು ನಿಜವಾಗಿ ಬ್ರೇಕ್ ಹಾಕಿದ್ದು ಗೊತ್ತೇ ಆಗುವುದಿಲ್ಲ.

ಮಾಡಿಸಬೇಕೋ, ಬಿಡಬಹುದೋ

ಕೆಳಗಿನ ಎರಡು ದೀಪಗಳಲ್ಲಿ ಒಂದು ಹೋದರೂ ಅವತ್ತೇ ಮಾಡಿಸಿ. ಒಂದೇ ದೀಪದ ಕಾರು ರಾತ್ರಿ ದೂರದಿಂದ ಬೈಕಿನ ಹಾಗೆ ಕಾಣುತ್ತದೆ, ಹಿಂದಿನವರು ಪಕ್ಕದಲ್ಲಿ ಜಾಗವಿದೆ ಎಂದು ನುಗ್ಗುತ್ತಾರೆ. ಊರೊಳಗೆ ಮಾತ್ರ ಓಡಿಸುತ್ತೇನೆ ಎನ್ನುವ ಮಾತೂ ನಿಲ್ಲುವುದಿಲ್ಲ. ಬಿ.ಬಿ. ರಸ್ತೆಯಲ್ಲಿ ಕಾರಿನ ಬೆನ್ನಿಗೇ ಅಂಟಿಕೊಂಡು ಬರುವವರು ಬೈಕಿನವರು. ಗುದ್ದಿದರೆ ಬೀಳುವವರೂ ಅವರೇ.

ಮೂರನೇ ದೀಪ ಮಾತ್ರ ಹೋಗಿದ್ದರೆ ನಾನು ಅಷ್ಟು ಅವಸರ ಮಾಡುವುದಿಲ್ಲ. ಎಷ್ಟೋ ಹಳೆಯ ಕಾರುಗಳಲ್ಲಿ ಅದು ಇರಲೇ ಇಲ್ಲ. ಮುಂದಿನ ಸರ್ವಿಸಿಗೆ ಬಿಡಬಹುದು. ಆದರೆ ಕೀಲಿನ ಹತ್ತಿರ ವೈರು ಸೀಳಿ ಅದು ಹೋಗಿದ್ದರೆ ಬಿಡಬೇಡಿ. ಇವತ್ತು ಮೂರನೇ ದೀಪ, ನಾಳೆ ಅದೇ ವೈರು ಫ್ಯೂಸನ್ನೇ ಸುಟ್ಟು ಮೂರನ್ನೂ ಆರಿಸುತ್ತದೆ. ಲೆನ್ಸಿನ ಸಣ್ಣ ಬಿರುಕನ್ನು ಸಿಲಿಕಾನ್ ಹಚ್ಚಿ ಮುಚ್ಚಿದರೆ ಸಾಕು. ಕೆಂಪು ಪೂರ್ತಿ ಮಾಸಿದ್ದರೆ, ತುಂಡು ಒಡೆದು ಬಿಳಿ ಬೆಳಕು ಹೊರಗೆ ಬರುತ್ತಿದ್ದರೆ ಲೆನ್ಸು ಬದಲಿಸಿ. ಗುಜರಿ ಅಂಗಡಿಯಲ್ಲಿ ಅದೇ ಮಾಡೆಲ್ಲಿನ ಲ್ಯಾಂಪು ಸಿಕ್ಕಿದರೆ ಧಾರಾಳವಾಗಿ ಹಾಕಿಸಿ, ಇದರಲ್ಲಿ ಹಳೆಯದು ಎಂಬ ಹೆದರಿಕೆ ಬೇಡ.

ಕಾನೂನಿನ ಮಾತೂ ಇದೆ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮ ಕೆಎ 40 ಆರ್‌ಟಿಒ ಆದರೂ ಅಷ್ಟೇ, ಬೇರೆ ಕಡೆಯಾದರೂ ಅಷ್ಟೇ, ದೀಪಗಳು ಉರಿಯಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190, ದೋಷ ಗೊತ್ತಿದ್ದೂ ಗಾಡಿ ಓಡಿಸಿದವರನ್ನು ಮಾತ್ರವಲ್ಲ, ಸ್ವಲ್ಪ ಗಮನ ಕೊಟ್ಟಿದ್ದರೆ ಗೊತ್ತಾಗಬಹುದಾಗಿದ್ದವರನ್ನೂ ಹಿಡಿಯುತ್ತದೆ. "ನನಗೆ ಕಾಣಲಿಲ್ಲ" ಎಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇನ್ನೊಂದು ವಿಷಯವನ್ನು ದಯವಿಟ್ಟು ಬೆರೆಸಬೇಡಿ. ಪೆಡಲು ಮೊದಲಿಗಿಂತ ಕೆಳಕ್ಕೆ ಹೋಗುತ್ತಿದ್ದರೆ, ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಿದ್ದರೆ, ಅಥವಾ ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೂ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ರೇಕ್ ಗುರುತು ಉರಿಯುತ್ತಿದ್ದರೆ ಅದು ಸಣ್ಣ ದೋಷವಲ್ಲ. ಬ್ರೇಕ್ ಆಯಿಲ್ ಸೋರುತ್ತಿರಬಹುದು. ಆ ಕಾರನ್ನು ಗ್ಯಾರೇಜಿನ ತನಕವೂ ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ದಾರಿಯಲ್ಲೇ ಗೊತ್ತಾದರೆ

ಹೆದ್ದಾರಿಯಲ್ಲಿ ಯಾರೋ ಪಕ್ಕಕ್ಕೆ ಬಂದು "ಲೈಟು ಉರೀತಿಲ್ಲ ಸಾರ್" ಎಂದರೆ ಎಡಕ್ಕೆ ಬನ್ನಿ, ಜಾಗ ಸಿಕ್ಕ ಕೂಡಲೇ ಸರ್ವಿಸ್ ರಸ್ತೆಗೆ ಇಳಿಯಿರಿ. ನಿಲ್ಲಿಸಬೇಕಾದರೆ ನಾಲ್ಕೂ ಚಕ್ರ ಡಾಂಬರಿನಿಂದ ಹೊರಗಿರಲಿ. ನಾಲ್ಕೂ ಇಂಡಿಕೇಟರ್ ಮಿನುಗುವ ಸ್ವಿಚ್ಚನ್ನು ನಿಂತ ಮೇಲೆ ಹಾಕಿ. ಓಡುವಾಗ ಹಾಕಿದರೆ ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ. ಹಗಲಾಗಿದ್ದರೆ, ವೇಗ ಕಡಿಮೆ ಮಾಡುವ ಮುಂಚೆ ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಅಂಗೈ ನೆಲದ ಕಡೆ ಇಟ್ಟು ಮೇಲಕ್ಕೂ ಕೆಳಕ್ಕೂ ಆಡಿಸಿ. ಕಲಿಯುವಾಗ ಎಲ್ಲರೂ ಕಲಿತ ಸಂಜ್ಞೆಯೇ, ಲಾರಿಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬ್ರೇಕನ್ನು ಗಕ್ಕನೆ ಒತ್ತದೆ, ಮೊದಲು ಗೇರ್ ಇಳಿಸಿ ವೇಗ ತಗ್ಗಿಸಿ. ಕತ್ತಲಾಗಿದ್ದರೆ ಅಥವಾ ಮಂಜಿದ್ದರೆ ಹೊರಡಬೇಡಿ. ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಒಂದು 21/5ರ ಬಲ್ಬು, ಎರಡು ಫ್ಯೂಸು, ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದರೆ ಅಲ್ಲೇ ಪಕ್ಕದಲ್ಲಿ ನಿಂತು, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಹಾಕಿಕೊಂಡು ಹೊರಡಬಹುದು.